ಪುಸ್ತಕದಲ್ಲಿಲ್ಲದ ಒಂಬತ್ತನೇ ಕಥೆಯ ಬಗ್ಗೆ

ದಿನಾಂಕ: ಬರುವ ಸೋಮವಾರಕ್ಕೆ ಮೂರು ದಿನ ಮುಂಚೆ

ಇಂದ,
ಮರಿಸಿದ್ದಯ್ಯ, ವಯಸ್ಸು ಎಪ್ಪತ್ತನಾಲ್ಕು,
ನಿವೃತ್ತ ದಲಾಯತ್, ಮೂವತ್ತೊಂದು ವರ್ಷ ಕಚೇರಿ ಕಡತ ಹೊತ್ತವನು,
ಓದುಗರ ಚೀಟಿ ಸಂಖ್ಯೆ 7 (ಸದ್ಯ ಅಮಾನತಿನಲ್ಲಿದೆ),
ನೇರಳೆದೊಡ್ಡಿ, ಹಲಗೂರು ಹೋಬಳಿ, ಮಳವಳ್ಳಿ ತಾಲ್ಲೂಕು.

ಗೆ,
ಶ್ರೀಮತಿ ಬೆಳ್ಳಮ್ಮನವರು, ನಿವೃತ್ತ ಮುಖ್ಯೋಪಾಧ್ಯಾಯಿನಿ,
ಅಧ್ಯಕ್ಷರು, ನೇರಳೆದೊಡ್ಡಿ ಓದುಗರ ಬಳಗ,
ಹಾಲಿನ ಡೈರಿ ಹಿಂದಿನ ಕೊಠಡಿ.

ವಿಷಯ: 'ಉಪಗ್ರಹದ ಹಿತ್ತಿಲು' ಎಂಬ ವಿಜ್ಞಾನದ ಹಾಗೂ ಮಾಯಾಲೋಕದ ಸಣ್ಣಕಥೆಗಳ ಸಂಕಲನಕ್ಕೆ ಬಂದ ಹತ್ತೊಂಬತ್ತು ಓದುಗರ ಅಭಿಪ್ರಾಯಗಳನ್ನು ಹೊಡೆದುಹಾಕದಿರುವ ಬಗ್ಗೆ, ಹಾಗೂ ಅರ್ಜಿದಾರನ ತಲೆ ನೆಟ್ಟಗಿದೆ ಎಂದು ದಾಖಲಿಸುವ ಬಗ್ಗೆ.

ಉಲ್ಲೇಖ:
1. ಬಳಗದ ಅಭಿಪ್ರಾಯ ಪುಸ್ತಕ, ಪುಟ 22ರಿಂದ 27.
2. ಸಂಕಲನದ ಲೇಖಕರು ಮೈಸೂರಿನಿಂದ ಬರೆದ ಕಾಗದ.
3. ಬಳಗದ ಗ್ರಂಥಪಾಲಕರಾದ ಶ್ರೀ ಮಹದೇವು ಅವರು ಟೀ ಅಂಗಡಿಯಲ್ಲಿ ಹನ್ನೊಂದು ಜನರ ಸಮಕ್ಷಮ ಬಾಯಿಮಾತಿನಲ್ಲಿ ಹೊರಡಿಸಿದ ಆದೇಶ: "ಮರಿಸಿದ್ದಣ್ಣಂಗೆ ಅರಳು ಮರಳು ಕಣ್ರಪ್ಪ."

ಮಾನ್ಯರೇ,

ಮೊದಲನೆಯದಾಗಿ ಹಿಂದಿನ ಬೆಂಚಿನವರು ನಗುವುದನ್ನು ನಿಲ್ಲಿಸತಕ್ಕದ್ದು. ಈ ಅರ್ಜಿಯನ್ನು ತಾವು ಸಭೆಯಲ್ಲಿ ಓದುವಾಗ, "ನೆನ್ನೆ ಉಂಡಿದ್ದೇ ಗ್ಯಾಪಕ ಇಲ್ಲ ಮುದುಕಂಗೆ" ಎಂದು ಅಲ್ಲಿ ಪಿಸುಗುಟ್ಟುತ್ತಾರೆಂಬುದು ಅರ್ಜಿದಾರನಿಗೆ ಗೊತ್ತಿದೆ. ನಿನ್ನೆ ಉಂಡದ್ದು ಮುದ್ದೆ, ಹುರುಳಿಕಾಳಿನ ಬಸ್ಸಾರು. ಮೊನ್ನೆ ಉಂಡದ್ದೂ ಅದೇ. ಕಾರಣ ಇದು ನೆನಪಿನ ಪರೀಕ್ಷೆಯಾಗುವುದಿಲ್ಲ. ಯಾವ ಸಾಹೇಬರ ಕಾಲದಲ್ಲಿ ಯಾವ ಕಡತ ಯಾವ ಕಪಾಟಿನಲ್ಲಿ ಎಷ್ಟು ವರ್ಷ ಮಲಗಿತ್ತು ಎಂದು ಕೇಳಿ, ಹೇಳದಿದ್ದರೆ ಆಮೇಲೆ ನಗಿ.

ಎರಡನೆಯದಾಗಿ, ಈ ಅರ್ಜಿಯಲ್ಲಿ 'ನಾನು' ಎಂಬ ಮಾತು ಬರುವುದಿಲ್ಲ. ಅರ್ಜಿದಾರನು ಹೊತ್ತ ಸಾವಿರಾರು ಅರ್ಜಿಗಳಲ್ಲಿ 'ನಾನು' ಎಂದು ಬರೆದವು ಮೇಜಿನ ಮುಂದೆ ಅಳುತ್ತಿದ್ದವು. 'ಅರ್ಜಿದಾರ' ಎಂದು ಬರೆದವು ನಿಂತು ಮಾತಾಡುತ್ತಿದ್ದವು. ಎಡಗಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿರುವ ಕಾರಣ ಬರೆಯುವಂತಿಲ್ಲ. ಆದ್ದರಿಂದ ಫೋನಿನಲ್ಲಿ ಹದಿನಾಲ್ಕು ವಾಯ್ಸ್ ನೋಟ್ ಹೇಳಿ, ಹಲಗೂರಿನ ಟೈಪಿಂಗ್ ಅಂಗಡಿಯ ಪುನೀತನಿಗೆ ಕಳಿಸಿ, ಅಚ್ಚು ಮಾಡಿಸಿದ್ದಾಗಿದೆ. ಮಧ್ಯೆ ಹಸು ಕೂಗಿದ್ದನ್ನು ಅವನು ಬಿಟ್ಟಿದ್ದಾನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಸದರಿ ಸಂಕಲನ ಬಳಗಕ್ಕೆ ಬಂದದ್ದು ಒಂದೇ ಪ್ರತಿ. ಸರದಿಯಲ್ಲಿ ಮೊದಲ ಹೆಸರು ಅರ್ಜಿದಾರನದು. ಪುಸ್ತಕ ಬಂದ ವಾರವೇ ಅರ್ಜಿದಾರನ ಬಲಗಣ್ಣಿನ ಆಪರೇಷನ್ ಆಗಿ, ಡಾಕ್ಟರು ಕಪ್ಪು ಕನ್ನಡಕ ಕೊಟ್ಟು, ಒಂದು ತಿಂಗಳು ಅಕ್ಷರ ನೋಡಕೂಡದೆಂದರು. ಸರದಿ ಬಿಟ್ಟರೆ ಇಪ್ಪತ್ತನೆಯವನಾಗಬೇಕು. ಎಪ್ಪತ್ತನಾಲ್ಕರಲ್ಲಿ ಯಾರೂ ಇಪ್ಪತ್ತನೆಯ ಸರದಿ ನಂಬಿ ಕೂರುವುದಿಲ್ಲ. ಆದ್ದರಿಂದ ಸೊಸೆ ಶೋಭಿತಾ ಓದುವುದು, ಅರ್ಜಿದಾರನು ಕೇಳುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು.

2. ಓದಿನ ಸ್ಥಳ, ಮನೆಯ ಹಿಂದಿನ ರೇಷ್ಮೆ ಹುಳುವಿನ ಮನೆ. ಈ ಅರ್ಜಿಯ ಪ್ರತಿ ಮೈಸೂರಿನ ಲೇಖಕರಿಗೂ ಹೋಗುವುದರಿಂದ ಅವರ ತಿಳುವಳಿಕೆಗಾಗಿ ಒಂದು ಮಾತು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಒಂದು ದಿನ ಮಲಗುತ್ತದೆ. ಹಳೇ ಚರ್ಮ ಕಳಚಿ ಏಳುತ್ತದೆ. ಇದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವಂತಿಲ್ಲ, ಸದ್ದು ಮಾಡುವಂತಿಲ್ಲ. ಹುಳು ಸಾಕುವವಳಿಗೆ ತಿಂಗಳಲ್ಲಿ ಸಿಗುವ ಬಿಡುವು ಆ ನಾಲ್ಕು ದಿನ ಮಾತ್ರ. ಶೋಭಿತಾ ಆ ನಾಲ್ಕು ದಿನ ಓದಿದಳು. ಜ್ವರಕ್ಕೆ ಎರಡು ಕಥೆ. ಅರ್ಜಿದಾರನು ಕಣ್ಣಿಗೆ ಔಷಧ ಬಿಡಿಸಿಕೊಂಡು, ರೆಪ್ಪೆ ಮುಚ್ಚಿ, ಮೂಲೆಯ ಬೆಂಚಿನ ಮೇಲೆ ಕೂತು ಕೇಳಿದನು.

ನಾಲ್ಕೆರಡಲ ಎಂಟು. ಈ ಲೆಕ್ಕ ಅರ್ಜಿದಾರನಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇದಿಷ್ಟು ತಪ್ಪು ಒಪ್ಪಿಕೊಳ್ಳಲಾಗಿದೆ.

3. ಬಳಗದ ನಿಯಮ ನಾಲ್ಕು: 'ಓದಿದವರು ಓದದವರಿಗೆ ಹೇಳತಕ್ಕದ್ದು.' ಇದನ್ನು ಬರೆದವರು ತಾವೇ. ಕೇಳಿದವರಿಗೆ ಆಸೆ ಹುಟ್ಟಿ ಪುಸ್ತಕ ಓದಲಿ ಎಂಬುದು ತಮ್ಮ ಉದ್ದೇಶ. ಅರ್ಜಿದಾರನು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಸಂಜೆ ಹಾಲು ಹಾಕಲು ಬಂದವರಿಗೆ ಡೈರಿ ಜಗಲಿಯ ಮೇಲೆ ಒಂಬತ್ತು ದಿನ ಒಂಬತ್ತು ಕಥೆ ಹೇಳಿದನು. ಎಷ್ಟು ಚೆನ್ನಾಗಿ ಹೇಳಿದನೆಂದರೆ ಆಮೇಲೆ ಆ ಪುಸ್ತಕವನ್ನು ಯಾರೂ ತೆರೆಯಲಿಲ್ಲ. ಎಲ್ಲರೂ ಸರದಿಯಂತೆ ಮನೆಗೆ ಒಯ್ದರು, ಮಾರನೆಯ ದಿನ ತಂದುಕೊಟ್ಟರು, 'ಓದಿದೆ' ಎಂದು ಸಹಿ ಹಾಕಿದರು, ಅಭಿಪ್ರಾಯ ಬರೆದರು. ಶೋಭಿತಾ ಓದಿದ ಮೇಲೆ ಪುಸ್ತಕದ ಹಾಳೆಗೆ ಬೇರೆ ಓದುಗರ ಕೈ ಸೋಕಿಲ್ಲ, ಈಗಲೂ ಹೊಸದರಂತೆಯೇ ಇದೆ.

4. ಸದರಿ ಅಭಿಪ್ರಾಯಗಳಲ್ಲಿ ಕೆಲವನ್ನು ಇಲ್ಲಿ ನಮೂದಿಸಲಾಗಿದೆ.

ಹೊಲ ಉಳುವ ಯಂತ್ರಮನುಷ್ಯನ ಕಥೆಗೆ ಕಬ್ಬಿನ ಕರಿಯಪ್ಪನವರು: 'ಯಂತ್ರ ಹನ್ನೆರಡು ವರ್ಷ ದುಡಿಯಿತು, ಒಂದು ದಿನವೂ ಕರೆಂಟು ಹೋಗಲಿಲ್ಲ. ನಂಬುವುದು ಕಷ್ಟ.'

ಹಸಿವೇ ಇಲ್ಲದ ಗ್ರಹದ ಕಥೆಗೆ ಅವರ ಮನೆಯವರು ಚಿಕ್ಕಬೋರಮ್ಮನವರು: 'ಅಲ್ಲಿಯ ಹೆಂಗಸರು ದಿನವಿಡೀ ಏನು ಮಾಡುತ್ತಾರೆ ಎಂದು ಲೇಖಕರು ಬರೆದಿಲ್ಲ. ಬರೆಯಬೇಕಿತ್ತು. ಮುಖ್ಯವಾಗಿ ಅದೇ ಬೇಕಿತ್ತು.'

ನೆರಳು ಮಾರಿದ ರಾಣಿಯ ಕಥೆಗೆ ಹೆಸರು ಬರೆಯದವರು ಒಬ್ಬರು: 'ಬೇಸಿಗೆಯಲ್ಲಿ ಗೊತ್ತಾಗುತ್ತದೆ ಅವಳಿಗೆ.'

ಕಾಲದಲ್ಲಿ ಹಿಂದಕ್ಕೆ ಹೋಗುವ ಬಸ್ಸಿನ ಕಥೆಗೆ ಅರ್ಜಿದಾರನ ಮಗ, ಖಾಸಗಿ ಬಸ್ಸಿನ ಕಂಡಕ್ಟರ್ ಸಿದ್ದೇಶ್: 'ಚಿಲ್ಲರೆ ಯಾವ ಕಾಲದ್ದು ಕೊಡಬೇಕು?'

ಹೀಗೆ ಎಂಟು ಕಥೆಗೂ ಒಂದೊಂದು ಹುಳುಕು ಹುಡುಕಿದವರು, ಒಂಬತ್ತನೆಯದಕ್ಕೆ ಬಂದಾಗ ಮಾತ್ರ ತಕರಾರು ಮಾಡಲಿಲ್ಲ. ಹತ್ತೊಂಬತ್ತಕ್ಕೆ ಹತ್ತೊಂಬತ್ತು ಜನವೂ ಅದೇ ಎಲ್ಲಕ್ಕಿಂತ ಒಳ್ಳೆಯದೆಂದು ಬರೆದಿದ್ದಾರೆ. 'ಓದುವಾಗ ಕಣ್ಣು ಒದ್ದೆಯಾಯಿತು' ಎಂದು ಕರಿಯಪ್ಪನವರು ಬರೆದಿದ್ದಾರೆ. ಅವರ ಕಣ್ಣು ಒದ್ದೆಯಾದದ್ದು ಡೈರಿ ಜಗಲಿಯ ಮೇಲೆ. ಅರ್ಜಿದಾರನು ಕಂಡಿದ್ದಾನೆ. ತಾವು ಸ್ವತಃ ಕೆಂಪು ಪೆನ್ನಿನಲ್ಲಿ 'ಉತ್ತಮ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀರಿ. ತಾವು ಮೂವತ್ತು ವರ್ಷದ ಮೇಷ್ಟ್ರಿಕೆಯಲ್ಲಿ ಯಾರಿಗೂ ಎರಡು ಗೆರೆ ಎಳೆದವರಲ್ಲ. ಹತ್ತೊಂಬತ್ತನೆಯ ಅಭಿಪ್ರಾಯದ ವಿಚಾರವನ್ನು ಕೊನೆಯಲ್ಲಿ ಅರಿಕೆ ಮಾಡಲಾಗುವುದು.

5. ಆ ಒಂಬತ್ತನೆಯ ಕಥೆ ಇಷ್ಟು. ಒಂದು ಊರು. ಅಲ್ಲಿಯ ಜನಕ್ಕೂ ಹುಳುವಿನಂತೆ ಜೀವಮಾನದಲ್ಲಿ ನಾಲ್ಕು ಜ್ವರ. ಜ್ವರ ಬಂದ ದಿನ ಊರಿಗೆ ಊರೇ ಮಲಗಿ, ಹಳೇ ಚರ್ಮ ಬಿಟ್ಟು ಏಳುತ್ತದೆ. ಚರ್ಮದ ಜೊತೆಗೆ ಯಾವುದೋ ಒಂದು ಸಂಕಟವನ್ನೂ ಬಿಟ್ಟು ಏಳುತ್ತದೆ. ಒಬ್ಬ ಹೆಂಗಸು ಮಾತ್ರ ಮಲಗುವುದಿಲ್ಲ. ಎದ್ದವರಿಗೆ ಸೊಪ್ಪು ಹಾಕುವವರು ಬೇಕಲ್ಲ. ಮೊದಲು ಎದ್ದವರು ಕೂಗಿದರೂ ಅವಳು ಹಾಕುವುದಿಲ್ಲ, ಎಲ್ಲರೂ ಏಳಲಿ ಎಂದು ಕಾಯುತ್ತಾಳೆ. ನಾಲ್ಕನೇ ಜ್ವರ ಆದ ಮೇಲೆ ಎಲ್ಲರೂ ಗೂಡು ಕಟ್ಟಿ, ರೆಕ್ಕೆ ಬಂದು, ಹಾರಿಹೋಗುತ್ತಾರೆ. ಅವಳ ಹಳೇ ಚರ್ಮ ಅವಳ ಮೈಮೇಲೇ ಇದೆ, ಹಳೇ ಸಂಕಟವೂ ಇದೆ. ಖಾಲಿ ಗೂಡುಗಳ ನೂಲು ತೆಗೆಯುತ್ತಾ ಕೂರುತ್ತಾಳೆ. ನೂಲು ಮುಗಿಯುವುದಿಲ್ಲ.

6. ವಾರ್ಷಿಕೋತ್ಸವದಲ್ಲಿ ಈ ಕಥೆಯನ್ನು ಓದಿಸಬೇಕೆಂದು ಬಳಗವು ಲೇಖಕರಿಗೆ ಅನುಮತಿ ಕೇಳಿ ಬರೆಯಿತು. ಲೇಖಕರು ದೊಡ್ಡ ಮನಸ್ಸಿನವರು, ಉತ್ತರ ಬರೆದರು: 'ನಿಮ್ಮ ಅಭಿಮಾನಕ್ಕೆ ಶರಣು. ಆದರೆ ನಾನು ಬರೆದಿರುವುದು ಎಂಟೇ ಕಥೆ. ಒಂಬತ್ತನೆಯದು ಸಿಕ್ಕಿದರೆ ದಯವಿಟ್ಟು ನನಗೂ ಒಂದು ಪ್ರತಿ ಕಳಿಸಿ.'

ಆವತ್ತು ಬಳಗದಲ್ಲಿ ಹತ್ತೊಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡಿದರು. ತಾನು ಓದಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಆದ್ದರಿಂದ ಎಲ್ಲರೂ ಸೇರಿ ಅರ್ಜಿದಾರನಿಗೆ ಅರಳು ಮರಳು ಎಂದು ಒಮ್ಮತಕ್ಕೆ ಬಂದರು. ಚೀಟಿ ಅಮಾನತಾಯಿತು. ಹತ್ತೊಂಬತ್ತೂ ಅಭಿಪ್ರಾಯಗಳನ್ನು ಮುಂದಿನ ಸಭೆಯಲ್ಲಿ ಹೊಡೆದುಹಾಕುವುದೆಂದು ಗೊತ್ತುವಳಿಯಾಯಿತು.

7. ಇದರ ಪರಿಣಾಮ ಮನೆಯಲ್ಲಿ ಹೀಗಾಯಿತು. ಸಿದ್ದೇಶ್ ಮಂಡ್ಯದಲ್ಲಿ ತಲೆ ಡಾಕ್ಟರ ಹತ್ತಿರ ಸೋಮವಾರಕ್ಕೆ ಟೋಕನ್ ತೆಗೆದುಕೊಂಡು ಬಂದನು.

"ಸುಮ್ನೆ ಒಂದ್ಸಲ ತೋರ್ಸ್ಕೊಂಡ್ ಬರಾಣ ಕಣಪ್ಪ. ತಲೆದೊಂದು ಫೋಟ ತಗೀತರೆ, ಅಷ್ಟೆಯ."

"ಕಣ್ಣು ಕುಯ್ಸಿದ್ದಾಯ್ತು. ಇನ್ನ ತಲೆನೂ ಬುಡಾಕಿಲ್ವೇನ್ಲಾ?"

"ದೊಡ್ಡಪ್ಪಂದೂ ಇಂಗೇ ಸುರುವಾಗಿದ್ದು ಅಲ್ವಾ."

ಅರ್ಜಿದಾರನ ಅಣ್ಣ ಕೊನೆಯ ಎರಡು ವರ್ಷ ಮನೆಯವರನ್ನೆಲ್ಲ ಎತ್ತಿನ ಹೆಸರಿನಿಂದ ಕರೆಯುತ್ತಿದ್ದನು. ಅರ್ಜಿದಾರನು ಅವನಿಗೆ ಎರಡು ವರ್ಷ ಓಗೊಟ್ಟಿದ್ದನು. ಕಾರಣ ಮಗನ ಕೈಯಿಂದ ಟೋಕನ್ ಇಸಿದುಕೊಂಡನು. ಮಹದೇವು ಅವರು ಮನೆಗೆ ತಂದು ತೋರಿಸಿದ ಪುಸ್ತಕವನ್ನು ಒಂದೇ ಕಣ್ಣಿನಲ್ಲಿ, ಬೆರಳಿಟ್ಟು, ಮೂರು ಸಲ ಎಣಿಸಿದನು. ಮೂರು ಸಲವೂ ಎಂಟೇ ಬಂತು. ಆ ವಾರ ಅರ್ಜಿದಾರನು ಡೈರಿ ಜಗಲಿಯ ಕಡೆ ಹೋಗಲಿಲ್ಲ. ಮನೆಯಲ್ಲಿ ಹೆಸರು ಹಿಡಿದು ಕರೆಯುವ ಮುಂಚೆ ಒಳಗೊಳಗೇ ಒಂದು ಸಲ ಹೇಳಿ ನೋಡಿಕೊಂಡು ಆಮೇಲೆ ಕರೆಯುತ್ತಿದ್ದನು. ಇದನ್ನು ಯಾರಿಗೂ ಹೇಳಿಲ್ಲ. ಈಗ ದಾಖಲಾಗಲಿ.

8. ಆಮೇಲೆ ಎಡಗಣ್ಣಿನ ಆಪರೇಷನ್ನೂ ಆಯಿತು. ಮತ್ತೆ ಕಪ್ಪು ಕನ್ನಡಕ, ಮತ್ತೆ ಹುಳುವಿನ ಮನೆಯ ಬೆಂಚು. ಮೊನ್ನೆ ಬುಧವಾರ ಮಧ್ಯಾಹ್ನ ಅರ್ಜಿದಾರನು ರೆಪ್ಪೆ ಮುಚ್ಚಿ ಕೂತಿದ್ದನು. ಹೊಸ ಬೆಳೆಯ ಹುಳು ನಾಲ್ಕನೇ ಜ್ವರ ಎದ್ದಿತ್ತು. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ಸಾಕಿದವರಿಗೇ ಗೊತ್ತು. ಮನೆ ತುಂಬ ಹುಳು ಸೊಪ್ಪು ತಿನ್ನುವ ಸದ್ದು, ಹಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ. ಶೋಭಿತಾ ತೆಕ್ಕೆ ತುಂಬ ಹಿಪ್ಪುನೇರಳೆ ರೆಂಬೆ ತಂದು ಸರಸರ ಹಾಸುತ್ತಿದ್ದಳು.

ಅರ್ಜಿದಾರನ ಕಿವಿಗೆ ಆ ಸದ್ದು ಬಿದ್ದದ್ದೇ ತಡ, ಒಂಬತ್ತನೇ ಕಥೆ ಮೊದಲ ಸಾಲಿನಿಂದ ಹಾಗೇ ಎದ್ದು ಬಂತು. ಮಿಕ್ಕ ಎಂಟು ಕಥೆ ನೆನೆದಾಗ ಹಿಂದೆ ಮೌನ, ಆಗಾಗ ಹಾಳೆ ಮಗುಚುವ ಸದ್ದು. ಈ ಒಂದು ಕಥೆ ನೆನೆದಾಗ ಮಾತ್ರ ಹಿಂದೆ ಸಣ್ಣ ಮಳೆ, ರೆಂಬೆಯ ಸರಸರ. ಹಾಳೆಯ ಸದ್ದು ಒಂದು ಸಲವೂ ಇಲ್ಲ.

ರೆಂಬೆ ಹಾಸಲು ಎರಡು ಕೈಯೂ ಬೇಕು. ಅಂದರೆ ಪುಸ್ತಕ ಯಾವ ಕೈಯಲ್ಲಿತ್ತು?

9. ವಿಚಾರಣೆ ಅಲ್ಲೇ ನಡೆಯಿತು. ಅದರ ನಡವಳಿ:

"ಸೋಬಿತಾ."

"ಏನ್ ಮಾವ, ಕಣ್ಣಿಗ್ ಔಸ್ದಿ ಬುಡ್ಬೇಕಾ?"

"ಕಣ್ಣು ಅಂಗಿರ್ಲಿ. ಒಂಬತ್ನೇ ಕತೆ ಓದುವಾಗ ಪುಸ್ತಕ ಎಲ್ಲಿತ್ತವ್ವಾ?"

ಸರಸರ ನಿಂತಿತು. ಹುಳು ತಿನ್ನುವ ಸದ್ದು ಮಾತ್ರ ನಿಲ್ಲಲಿಲ್ಲ.

"ಅಟ್ಟದ ಮೇಲಿತ್ತು ಮಾವ."

"ಅಟ್ಟದ ಮೇಲಿಂದ ಎಂಗವ್ವ ಓದ್ದೆ?"

"ಪುಸ್ತಕ ಮುಗ್ದೋಗಿತ್ತು. ನೀವು ಮುಂದುಕ್ಕೆ ಓದವ್ವ ಅಂದ್ರಿ."

"ಅದ್ಕೆ?"

"ಅದ್ಕೆ ಮುಂದುಕ್ಕೆ ಏಳ್ದೆ."

ತಲೆ ನೆಟ್ಟಗಿದೆ ಎಂದು ಗೊತ್ತಾದ ಸಂತೋಷಕ್ಕೋ, ಔಷಧದ ಉರಿಗೋ, ಅರ್ಜಿದಾರನ ಕನ್ನಡಕದ ಕೆಳಗೆ ನೀರು ಬಂತು. ಔಷಧ ಎಂದೇ ನಮೂದಿಸಿಕೊಳ್ಳುವುದು. ಆಮೇಲೆ ಸಿಟ್ಟು ಬಂತು.

"ಊರೆಲ್ಲಾ ನಂಗೆ ತಲೆ ಕೆಟ್ಟದೆ ಅಂತು. ನಿನ್ ಗಂಡ ಟೋಕನ್ ತಂದ. ಬಾಯ್ಬುಟ್ಟು ಒಂದ್ಮಾತ್ ಏಳ್ಬಾರ್ದಾಗಿತ್ತಾ?"

"ಸೋಮ್ವಾರ್ದೊಳ್ಗೆ ಏಳ್ತಿದ್ದೆ ಮಾವ."

"ಟೋಕನ್ನು ಸೋಮ್ವಾರದ್ದೇ ಕಣವ್ವ."

ಶೋಭಿತಾ ರೆಂಬೆಯ ಹೊರೆ ಕೆಳಗಿಟ್ಟು ಬೆಂಚಿನ ಹತ್ತಿರ ಬಂದು ಕೂತಳು.

"ಡೈರಿ ತಾವ ಕರಿಯಪ್ಪಣ್ಣ ನಂಗೇ ಏಳುದ್ರು ಮಾವ ಆ ಕತೆಯ. 'ನೀನೂ ಓದವ್ವ, ನಿನ್ನಂಗೆ ಉಳ ಮೇಯ್ಸೋರ್ಗೇ ಬರ್ದಂಗದೆ' ಅಂದ್ರು. ಆಯ್ತಣ್ಣ, ಓದ್ತೀನಿ ಅಂದೆ. ಟೀಚರಮ್ಮ ಕೆಂಪು ಪೆನ್ನಲ್ಲಿ 'ಉತ್ತಮ' ಅಂತ ಬರ್ದವ್ರೆ ಅಂತ ನೀವೇ ಏಳುದ್ರಿ. ಅತ್ನೇ ಕ್ಲಾಸಲ್ಲಿ ಅವ್ರೇ ಒಂದ್ಸಲ ನಂಗಂಗ್ ಬರ್ದಿದ್ರು. ಆಮ್ಯಾಕೆ ಯಾರೂ ಬರ್ದಿಲ್ಲ. ನಂದು ಅಂತ ಗೊತ್ತಾದ್ರೆ ಅದ ಒಡ್ದಾಕ್ಬುಡ್ತರೆ ಅನ್ಕಂಡೆ. ಒಂದ್ ನಾಕ್ ದಿನ ಇರ್ಲಿ, ಆಮೇಲ್ ಏಳಾಣ ಅಂತ..."

"ಆ ಎಂಗ್ಸು ಯಾಕವ್ವ ಮಲಗ್ನಿಲ್ಲ ಕತೇಲಿ? ಒಂದ್ ಜ್ವರನಾರ ಮಲೀಕಬೋದಿತ್ತಲ್ಲ."

"ಎಲ್ರೂವೆ ಮಲೀಕಂಡ್ರೆ ಸೊಪ್ಪಾಕೋರ್ಯಾರು ಮಾವ," ಎಂದು ಎದ್ದು ಹೋಗಿ ಮತ್ತೆ ರೆಂಬೆ ಹಾಸಿದಳು. ಹುಳು ಕಾಯುವುದಿಲ್ಲ.

10. ಇಲ್ಲಿ ಅರ್ಜಿದಾರನು ಬಳಗದ ಮೇಲೂ ಒಂದು ಆಕ್ಷೇಪ ಎತ್ತುತ್ತಾನೆ. ಜ್ವರ ಎದ್ದಾಗ ಎಲ್ಲ ಹುಳು ಏಳುವ ತನಕ ಸೊಪ್ಪು ಹಾಕಬಾರದು, ಹಾಕಿದರೆ ಬೆಳೆ ಏರುಪೇರಾಗುತ್ತದೆ ಎಂಬ ಮಾತು ಆ ಕಥೆಯಲ್ಲಿದೆ. ಇದು ಮೈಸೂರಿನಲ್ಲಿ ಕೂತು ಉಪಗ್ರಹದ ಕಥೆ ಬರೆಯುವವರಿಗೆ ಎಲ್ಲಿಂದ ತಿಳಿಯಬೇಕು? ಹತ್ತೊಂಬತ್ತು ಜನರಲ್ಲಿ ಹನ್ನೆರಡು ಜನ ರೇಷ್ಮೆ ಸಾಕುವವರು. ಒಬ್ಬರಿಗೂ ಅನುಮಾನ ಬರಲಿಲ್ಲ. ಇಷ್ಟು ಒಳ್ಳೆಯ ಕಥೆ ಬರೆದವರು ಎಲ್ಲೋ ದೂರದವರೇ ಇರಬೇಕು ಎಂದು ನಾವೆಲ್ಲ ಮೊದಲೇ ಒಪ್ಪಿಕೊಂಡುಬಿಟ್ಟಿದ್ದೆವು. ಅರ್ಜಿದಾರನೂ ಸೇರಿ. ಅರಳು ಮರಳು ಎಂದರೆ ಇದೇ ಇರಬೇಕು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಪರಿಶೀಲಿಸಿ ತಾವು ಈ ಕೆಳಕಂಡಂತೆ ಆದೇಶಿಸಬೇಕಾಗಿ ಕೋರಲಾಗಿದೆ.

ಅ) ಒಂಬತ್ತನೇ ಕಥೆಯ ಬಗೆಗಿನ ಯಾವ ಅಭಿಪ್ರಾಯವನ್ನೂ ಹೊಡೆದುಹಾಕಬಾರದು. ಅವುಗಳಲ್ಲಿ 'ಲೇಖಕರು' ಎಂದಿರುವ ಕಡೆಯೆಲ್ಲ 'ಶೋಭಿತಾ, ನೇರಳೆದೊಡ್ಡಿ' ಎಂದು ತಿದ್ದಬೇಕು. ತಮ್ಮ 'ಉತ್ತಮ' ಮತ್ತು ಎರಡು ಗೆರೆ ಇದ್ದ ಹಾಗೇ ಇರಬೇಕು. ಬೇಕಿದ್ದರೆ ಮೂರನೆಯದು ಎಳೆಯಬಹುದು.

ಆ) ವಾರ್ಷಿಕೋತ್ಸವದಲ್ಲಿ ಕಥೆಯನ್ನು ಶೋಭಿತಾಳೇ ಓದಬೇಕು. ದಿನಾಂಕ ಗೊತ್ತುಮಾಡುವ ಮುಂಚೆ ಹುಳು ಯಾವ ಜ್ವರದಲ್ಲಿದೆ ಎಂದು ವಿಚಾರಿಸತಕ್ಕದ್ದು. ಜ್ವರಕ್ಕೆ ಕೂತ ದಿನವಾದರೆ ಅವಳಿಗೆ ಬಿಡುವು. ಅದಿಲ್ಲದಿದ್ದರೆ ಆವತ್ತು ಸೊಪ್ಪು ಹಾಕುವ ಕೆಲಸ ಸಿದ್ದೇಶ್ ಮಾಡತಕ್ಕದ್ದು. ಅವನ ಒಪ್ಪಿಗೆಯನ್ನು ಅರ್ಜಿದಾರನು ಪಡೆದಿದ್ದಾನೆ. ಮುಖ ಹೇಗಿತ್ತು ಎಂಬುದನ್ನು ನಮೂದಿಸುತ್ತಿಲ್ಲ.

ಇ) ಅರ್ಜಿದಾರನ ಚೀಟಿಯನ್ನು ಅಮಾನತಿನಿಂದ ಬಿಡುಗಡೆ ಮಾಡಬೇಕು.

ಈ) ಮಂಡ್ಯದ ತಲೆ ಡಾಕ್ಟರ ಟೋಕನ್ ಸೋಮವಾರದ ತನಕ ಚಾಲ್ತಿಯಲ್ಲಿದೆ. ಅಭಿಪ್ರಾಯ ಪುಸ್ತಕದ ಪುಟ 27ರಲ್ಲಿ ಗ್ರಂಥಪಾಲಕರಾದ ಶ್ರೀ ಮಹದೇವು ಅವರು ಹತ್ತೊಂಬತ್ತನೆಯ ಅಭಿಪ್ರಾಯವಾಗಿ ಸ್ವಹಸ್ತದಿಂದ ಹೀಗೆ ಬರೆದಿದ್ದಾರೆ: 'ಒಂಬತ್ತನೇ ಕಥೆಯನ್ನು ಎರಡು ಸಲ ಓದಿದೆ. ಎರಡನೇ ಸಲ ಇನ್ನೂ ಚೆನ್ನಾಗಿತ್ತು.' ಪುಸ್ತಕದಲ್ಲಿ ಇಲ್ಲದ ಕಥೆಯನ್ನು ಎರಡು ಸಲ ಓದಿರುವ ಕಾರಣ, ಸದರಿ ಟೋಕನ್ನನ್ನು ಅವರ ಹೆಸರಿಗೆ ವರ್ಗಾಯಿಸಬೇಕು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೊಡಿಸುವುದಾಗಿ ಸಿದ್ದೇಶ್ ಒಪ್ಪಿದ್ದಾನೆ.

ತಮ್ಮ ವಿಶ್ವಾಸಿ, ಹಾಗೂ ಎಲ್ಲ ನೆನಪಿರುವ,
ಮರಿಸಿದ್ದಯ್ಯ

ಲಗತ್ತುಗಳು:
1. ಒಂಬತ್ತನೇ ಕಥೆ, ಶೋಭಿತಾಳ ಕೈಬರಹ, ಹನ್ನೊಂದು ಹಾಳೆ. ನಾಲ್ಕನೇ ಹಾಳೆಯ ಮೇಲಿರುವುದು ಸೊಪ್ಪಿನ ಕರೆ, ಅದನ್ನು ತಪ್ಪೆಂದು ತಿದ್ದಬಾರದು.
2. ಪುಟ 27ರ ಜೆರಾಕ್ಸ್, ಎರಡು ಪ್ರತಿ. ಒಂದು ಟೀ ಅಂಗಡಿಯ ಗೋಡೆಗೆ.
3. ತಲೆ ಡಾಕ್ಟರ ಟೋಕನ್, ಮಡಚಿಲ್ಲ.

ಪ್ರತಿ: ಮೈಸೂರಿನ ಲೇಖಕರಿಗೆ. ಒಂದು ಪ್ರತಿ ಕಳಿಸಿ ಎಂದು ಕೇಳಿದ್ದರು.

ಷರಾ: ನಿಯಮ ನಾಲ್ಕರಂತೆ, ಈ ಅರ್ಜಿ ಓದಿದವರು ಓದದವರಿಗೆ ಹೇಳತಕ್ಕದ್ದು. ಹೇಳುವಾಗ ಊರಿನ ಹೆಸರು ಮರೆತರೂ ಚಿಂತೆಯಿಲ್ಲ, ಅರ್ಜಿದಾರನ ಹೆಸರು ಬಿಟ್ಟರೂ ತಕರಾರಿಲ್ಲ. ಕಥೆ ಕಟ್ಟಿದವಳು ಶೋಭಿತಾ ಎಂಬುದನ್ನು ಮಾತ್ರ ಬಿಡದೆ ಹೇಳಬೇಕಾಗಿ ಕೋರಿಕೆ.